ಮೇಕೆಮರಿಯ ಕುಂಟು: ಕಾರಣವನ್ನು ಕಂಡುಹಿಡಿಯುವ ಕ್ರಮ

ಮೇಕೆಮರಿಯು ಕುಂಟಿದೊಡನೆ ಅದು ಉಳುಕೇ ಸರಿ ಎಂದು ತೀರ್ಮಾನಿಸುವುದು ನಮ್ಮ ರೈತರಲ್ಲಿ ಅನೇಕರಿಗೆ ರೂಢಿಯಾಗಿದೆ. ಎಣ್ಣೆ ನೀವುವರು, ಅರಿಸಿನ ಹಚ್ಚುವರು, ಕೆಲವೆಡೆಗಳಲ್ಲಿ ಕಬ್ಬಿಣವನ್ನು ಕಾಸಿ ಬರೆಯನ್ನೂ ಹಾಕುವರು. ನಿಜವಾಗಿ ಉಳುಕಾಗಿದ್ದಲ್ಲಿ ಮರಿಯು ತಾನಾಗಿಯೇ ಗುಣಹೊಂದಿ, ಬರೆಗೆ ಕೀರ್ತಿ ಬರುವುದು. ಬೇರೆ ಕಾರಣವಿದ್ದಲ್ಲಿ ಚಿಕಿತ್ಸೆಗೆ ಅನುಕೂಲವಾದ ದಿವಸಗಳು ವ್ಯರ್ಥವಾಗಿ ಕಳೆದುಹೋಗುವುವು. ಕುಂಟು ಎಂಬುದು ಒಂದು ರೋಗವಲ್ಲ. ಅನೇಕ ರೋಗಗಳಿಗೆ ಸಮಾನವಾದ ಲಕ್ಷಣ.

ಇದಕ್ಕೊಂದು ನಿದರ್ಶನವನ್ನು ಹೇಳುವೆನು. ಕೆಲವು ವರ್ಷಗಳ ಹಿಂದೆ ನಾನು ಬಯಲುಸೀಮೆಯ ಒಂದು ಗ್ರಾಮದಲ್ಲಿ ಸಂಚಾರದಲ್ಲಿದ್ದಾಗ, ಮೂರು ಮೇಕೆಗಳನ್ನೇ ನಂಬಿ ಜೀವಿಸುತ್ತಿದ್ದ ವೃದ್ಧೆಯೊಬ್ಬರು ಹನ್ನೆರಡು ದಿವಸದ ಮರಿಯೊಂದನ್ನು ಎತ್ತಿಕೊಂಡು ಬಂದರು. “ತಾಯಿ ತುಳಿದು ಉಳುಕೈತೆ ಸ್ವಾಮಿ, ಬರೆ ಹಾಕ್ಸಿದೀನಿ” ಎಂದರು. ಬರೆಯು ಮುಂಗಾಲಿನ ಮಂಡಿಯ ಮೇಲಿದ್ದಿತು. ಆದರೆ ಹಿಂಗಾಲಿನ ಕೀಲೊಂದೂ ಬಾತು ಬಿಸಿಯಾಗಿದ್ದಿತು. ಮರಿಯನ್ನು ಅಂಗಾತ ಮಲಗಿಸಿ ನೋಡಲಾಗಿ, ಹೊಕ್ಕುಳು ಹೆಬ್ಬೆರಳಿನಷ್ಟು ದಪ್ಪನಾಗಿ ಕೀವು ಒಸರುತ್ತಿದ್ದಿತು. ಬೇನೆಯು ಹೊಕ್ಕುಳಿನಲ್ಲಿ ಹುಟ್ಟಿ ರಕ್ತದ ಮೂಲಕ ಕೀಲುಗಳಿಗೆ ಇಳಿದಿದ್ದಿತು. ಕುಂಟು ಕಾಣಿಸಿ ಆಗಲೇ ಐದು ದಿವಸಗಳಾಗಿದ್ದವು. ಪಶುವೈದ್ಯರ ಚಿಕಿತ್ಸೆಯಿಂದ ಜೀವವುಳಿಯಿತು. ಮಂಡಿಯು ಮಾತ್ರ ಮಡಿಸಲಾಗದಂತೆ ಬಿಗಿದುಹೋಯಿತು. ಹಿಂದಿನ ತಿಂಗಳಲ್ಲಿ ಅದೇ ಗ್ರಾಮದಲ್ಲಿ ನಾನು ಮೇವಿನ ವಿಷಯವಾಗಿ ಒಂದು ಗಂಟೆ ಕಾಲ ಮಾತನಾಡಿದ್ದೆನು. ಹೊಕ್ಕುಳಿನ ವಿಷಯವನ್ನು ಹೇಳಿರಲಿಲ್ಲ. ಆ ಲೋಪವೇ ಈ ಲೇಖನಕ್ಕೆ ಕಾರಣ.

ಮರಿಯನ್ನು ಪರೀಕ್ಷಿಸುವುದಕ್ಕೆ ಒಂದು ಕ್ರಮವಿರಬೇಕು. ಮೊದಲು ಅದರ ವಯಸ್ಸನ್ನೂ ಇತ್ತೀಚೆಗೆ ನಡೆದ ಸಂಗತಿಗಳನ್ನೂ ನೆನಪಿಗೆ ತಂದುಕೊಳ್ಳತಕ್ಕದ್ದು. ಬಿದ್ದಿತೇ? ಬೀಜ ಒಡೆಸಲಾಯಿತೇ? ಹಿಂದೊಡೆಗೆ ಚುಚ್ಚುಮದ್ದು ಕೊಡಲಾಯಿತೇ? ಎಳೆಯ ಮರಿಯ ತೊಡೆಯಲ್ಲಿ ಮಾಂಸವು ಕಡಿಮೆ; ಸೂಜಿಯು ನರಕ್ಕೆ ತಗುಲಿದಲ್ಲಿ ಕಾಲು ಎಳೆಯುವುದುಂಟು.

ಎರಡನೆಯದಾಗಿ, ಮರಿಯನ್ನು ಹಿಡಿಯುವುದಕ್ಕೆ ಮುಂಚೆ ಸಮನೆಲದ ಮೇಲೆ ನಡೆಯಬಿಟ್ಟು ನೋಡಬೇಕು. ಮುಂಗಾಲು ನೋಯುತ್ತಿದ್ದಲ್ಲಿ, ಆ ಕಾಲು ನೆಲಕ್ಕೆ ತಗುಲಿದಾಗ ಮರಿಯು ತಲೆಯನ್ನು ಮೇಲಕ್ಕೆತ್ತುವುದು. ನೋವಿಲ್ಲದೆ ಹಿಂಭಾಗವು ತೂರಾಡುತ್ತಿದ್ದಲ್ಲಿ, ಗಬ್ಬದ ಕಾಲದಲ್ಲಿ ತಾಯಿಗೆ ತಾಮ್ರದ ಅಂಶವು ಸಾಲದಿದ್ದುದನ್ನು ಶಂಕಿಸಬಹುದು. ತಾಮ್ರವು ಅಳತೆ ಮೀರಿದಲ್ಲಿ ವಿಷವಾಗುವುದರಿಂದ ವೈದ್ಯರ ಸಲಹೆಯಿಲ್ಲದೆ ಕೊಡತಕ್ಕದ್ದಲ್ಲ. ಬೆನ್ನು ಗೂನಾಗಿ, ತೊಡೆಯ ಮಾಂಸವು ಗಡುಸಾಗಿದ್ದಲ್ಲಿ ಸೆಲೆನಿಯಂ ಅಥವಾ ಇ ಜೀವಸತ್ವದ ಕೊರತೆಯಿರಬಹುದು. ನಾಲ್ಕು ಕಾಲುಗಳೂ ಸೆಟೆದು, ಕಿವಿ ನಿಮಿರಿ, ದವಡೆ ಕಚ್ಚಿಕೊಂಡಿದ್ದಲ್ಲಿ ಅದು ಧನುರ್ವಾಯುವಿನ ಲಕ್ಷಣ.

ಮೂರನೆಯದಾಗಿ ಗೊರಸು. ಅದನ್ನು ನೀರಿನಿಂದ ತೊಳೆದು ಸಂದನ್ನು ಅಗಲಿಸಿ ನೋಡಬೇಕು. ಜಾಲಿಯ ಮುಳ್ಳೋ ಕಲ್ಲಿನ ಚೂರೋ ಸಿಕ್ಕಿದ್ದಲ್ಲಿ ತೆಗೆದೊಡನೆ ಕೆಲಸ ಮುಗಿಯಿತು. ಮಳೆಗಾಲದಲ್ಲಿ ಸಂದು ಕೊಳೆತು ದುರ್ವಾಸನೆ ಬರುತ್ತಿದ್ದಲ್ಲಿ ಅದು ಗೊರಸುಕೊಳೆ. ಕೊಳೆತ ಭಾಗವನ್ನು ಶುಚಿಮಾಡಿ, ನೂರಕ್ಕೆ ಹತ್ತರ ಪ್ರಮಾಣದ ಸತುವಿನ ಸಲ್ಫೇಟಿನ ದ್ರಾವಣದಲ್ಲಿ ಕಾಲನ್ನು ಅದ್ದಿಸಿ, ಒಣನೆಲದಲ್ಲಿ ಕಟ್ಟತಕ್ಕದ್ದು. ಮಂದೆಯಲ್ಲಿ ಹಲವು ಮೇಕೆಗಳು ಒಮ್ಮೆಗೇ ಕುಂಟಿ, ಜ್ವರವೂ ಬಾಯಿಯಲ್ಲಿ ಅಥವಾ ಗೊರಸಿನ ಅಂಚಿನಲ್ಲಿ ಗುಳ್ಳೆಗಳೂ ಕಂಡಲ್ಲಿ ಅದು ಕಾಲುಬಾಯಿ ಬೇನೆಯಿರಬಹುದು. ದೊಡ್ಡ ಮೇಕೆಗಳು ಸಾಮಾನ್ಯವಾಗಿ ಚೇತರಿಸಿಕೊಂಡರೂ ಎಳೆಯ ಮರಿಗಳು ಹೃದಯಕ್ಕೆ ಧಕ್ಕೆಯಾಗಿ ಹಠಾತ್ತನೆ ಸಾಯುವುದುಂಟು. ರೋಗದ ಮೇಕೆಗಳನ್ನು ಬೇರ್ಪಡಿಸಿ ಕೂಡಲೆ ಪಶು ಆಸ್ಪತ್ರೆಗೆ ತಿಳಿಸುವುದು. ಈ ಬೇನೆಯ ನಿಯಂತ್ರಣಕ್ಕಾಗಿ 2019ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಲಸಿಕೆ ಕಾರ್ಯಕ್ರಮದಲ್ಲಿ ಮೇಕೆಗಳೂ ಸೇರಿವೆ.

ನಾಲ್ಕನೆಯದಾಗಿ ಎಲುಬು ಮತ್ತು ಕೀಲು. ಗೊರಸಿನಿಂದ ಮೇಲಕ್ಕೆ ಕೈಯಾಡಿಸುತ್ತ, ಎದುರಿನ ಕಾಲಿನೊಡನೆ ಹೋಲಿಸಬೇಕು. ಎಲುಬು ಮುರಿದಿದ್ದಲ್ಲಿ ಕಾಲು ಜೋಲುವುದು. ಅರಳೆಯನ್ನು ಸುತ್ತಿ, ಮುರಿದ ಸ್ಥಳದ ಮೇಲಿನ ಮತ್ತು ಕೆಳಗಿನ ಕೀಲುಗಳೆರಡೂ ಅಲುಗದಂತೆ ಬಿದಿರಿನ ದಬ್ಬೆಗಳನ್ನು ಕಟ್ಟಿ ವೈದ್ಯರಲ್ಲಿಗೆ ಒಯ್ಯಬೇಕು. ಬಿಗಿಯಾಗಿ ಕಟ್ಟಿದರೆ ಕಾಲೇ ಕೊಳೆಯುವುದು. ಕತ್ತಲೆಯ ಗೂಡಿನಲ್ಲಿ ಬೆಳೆದ ಮರಿಯ ಕಾಲುಗಳು ಬಿಲ್ಲಿನಂತೆ ಬಾಗಿದ್ದಲ್ಲಿ ಬಿಸಿಲಿನ ಮತ್ತು ಖನಿಜಾಂಶಗಳ ಕೊರತೆಯನ್ನು ಶಂಕಿಸಬೇಕು.

ಕಡೆಯದಾಗಿ, ಒಂದು ತಿಂಗಳೊಳಗಿನ ಮರಿಯಾದರೆ ಹೊಕ್ಕುಳನ್ನು ನೋಡದೆ ಬಿಡಕೂಡದು. ಗುದದಲ್ಲಿ ಉಷ್ಣಮಾಪಕವನ್ನಿಟ್ಟು ನೋಡಿದಲ್ಲಿ ಆರೋಗ್ಯವಂತ ಮೇಕೆಯ ಶಾಖವು ಸುಮಾರು 101.5ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್ ಇರುವುದು. ನೆರಳಿನಲ್ಲಿ ವಿರಮಿಸಿದ ಮರಿಗೆ 104ಕ್ಕಿಂತ ಮೇಲಿದ್ದು, ಕೀಲುಗಳು ಬಾತು ಬಿಸಿಯಾಗಿದ್ದಲ್ಲಿ ಆ ದಿವಸವೇ ವೈದ್ಯರನ್ನು ಕಾಣಬೇಕು. ಕೀಲು ಕೆಡುವುದಕ್ಕೆ ಮುಂಚೆ ಔಷಧವು ಪ್ರಾರಂಭವಾದರೆ ಮಾತ್ರ ಕಾಲು ಉಳಿಯುವ ಭರವಸೆಯುಂಟು. ವೈದ್ಯರು ಹೇಳಿದಷ್ಟು ದಿವಸವೂ ಅದನ್ನು ಬಿಡದೆ ನಡೆಸತಕ್ಕದ್ದು.

ಈ ಬೇನೆಯನ್ನು ತಡೆಯುವ ಉಪಾಯವು ಸುಲಭ; ವೆಚ್ಚವೂ ಅಲ್ಪ. ಮೇಕೆಯು ಈಯುವ ಸ್ಥಳದಲ್ಲಿ ಒಣಹುಲ್ಲನ್ನು ಹಾಸಬೇಕು. ಮರಿಯು ಹುಟ್ಟಿದ ಕೂಡಲೆ ಹೊಕ್ಕುಳ ಬಳ್ಳಿಯನ್ನು ಟಿಂಕ್ಚರ್ ಅಯೋಡಿನ್ನಿನಲ್ಲಿ ಪೂರ್ತಿಯಾಗಿ ಅದ್ದತಕ್ಕದ್ದು. ಸಗಣಿ, ಬೂದಿಗಳನ್ನು ಹಚ್ಚಕೂಡದು. ಒಂದೆರಡು ಗಂಟೆಗಳೊಳಗೆ ಗಿಣ್ಣುಹಾಲನ್ನು ಕುಡಿಸಬೇಕು. ಮೊದಲ ದಿವಸದಲ್ಲಿ ಮರಿಯ ತೂಕದ ಹತ್ತರಲ್ಲೊಂದು ಪಾಲು, ಎಂದರೆ ಎರಡು ಕಿಲೋ ತೂಕದ ಮರಿಗೆ ಸುಮಾರು 200 ಮಿಲಿಲೀಟರು, ಒಳಗೆ ಹೋಗಬೇಕು. ರೋಗವನ್ನು ತಡೆಯುವ ಶಕ್ತಿಯು ಎಳೆಯ ಮರಿಗೆ ಬರುವುದು ಈ ಹಾಲಿನಿಂದಲೇ.

ಮುಂದಿನ ಸೂಲಿನ ಸಮಯದಲ್ಲಿ ನಾನು ಆ ಗ್ರಾಮಕ್ಕೆ ಪುನಃ ಹೋಗಿದ್ದೆನು. ವೃದ್ಧೆಯ ಮನೆಯ ಗೋಡೆಯ ಗೂಡಿನಲ್ಲಿ ದೀಪದ ಪಕ್ಕದಲ್ಲಿಯೇ ಟಿಂಕ್ಚರಿನ ಸೀಸೆಯಿದ್ದಿತು. ಅಂಗಳದಲ್ಲಿ ಎರಡು ಮರಿಗಳು ಒರಳುಕಲ್ಲಿನ ಮೇಲೆ ಹತ್ತಿ ಹಾರುತ್ತಿದ್ದವು. ಬಿಗಿದ ಮಂಡಿಯ ಹಳೆಯ ಮರಿಯು ಬೆಳೆದು ದೊಡ್ಡದಾಗಿ, ಮೂರು ಕಾಲಿನ ಮೇಲೆ ಅವುಗಳನ್ನು ನೋಡುತ್ತ ನಿಂತಿದ್ದಿತು. ವಾಚಕರು ತಮ್ಮ ಮೇಕೆಗಳು ಈಯುವುದಕ್ಕೆ ಮುಂಚೆಯೇ ಅಂತಹ ಸೀಸೆಯೊಂದನ್ನು ತಂದಿಟ್ಟುಕೊಳ್ಳುವರೆಂದು ನಂಬಿರುತ್ತೇನೆ.