ಕೂಸು ಹಾಲು ಕಕ್ಕುವುದು ರೋಗವೇ?

ಬೀದರದ ಗಡಿಗೆ ತಾಗಿಕೊಂಡಿರುವ ನಿಲಂಗಾ ತಾಲೂಕಿನ ಔರಾದ ಶಹಾಜನಿ, ಅತ್ತಿತ್ತಲ ಉದಗೀರ, ಉಮರ್ಗಾಗಳಲ್ಲಿ ನಮ್ಮಂತೆಯೇ ಪರರಾಜ್ಯಕ್ಕೆ ಸೇರಿಹೋದ ಕನ್ನಡಿಗರಿದ್ದಾರೆ. ಮನೆಯ ಮಾತು ಕನ್ನಡ, ದವಾಖಾನೆಯ ಮಾತು ಮರಾಠಿ. ಕಾಸರಗೋಡಿನ ನಮಗೆ ಅದು ಮಲಯಾಳ. ಎಳೆಗೂಸಿನ ಕಾಯಿಲೆಯನ್ನು ಹೇಳಿಕೊಳ್ಳುವಾಗ ಈ ಎರಡು ಮಾತುಗಳ ನಡುವೆ ಮುಖ್ಯ ಸಂಗತಿಯೊಂದು ಬಿಟ್ಟುಹೋಗುವುದುಂಟು.

ಕಕ್ಕುವುದು ಬೇರೆ, ವಾಂತಿ ಬೇರೆ. ಕುಡಿದ ಹಾಲು ಕಟವಾಯಿಯಿಂದ ಸುಮ್ಮನೆ ಇಳಿದುಬಂದರೆ ಕಕ್ಕುವುದು. ಹೊಟ್ಟೆ ಹಿಂಡಿ ರಭಸದಿಂದ ಹೊರಬಿದ್ದರೆ ವಾಂತಿ. ಗಾಬರಿಯಲ್ಲಿ ಅಲ್ಲಿಯವರು 'ಉಲ್ಟಿ' ಎಂದೋ, ನಾವು 'ಛರ್ದಿ' ಎಂದೋ ಹೇಳಿಬಿಟ್ಟರೆ ವೈದ್ಯರು ವಾಂತಿಯೆಂದೇ ತಿಳಿಯುತ್ತಾರೆ. ಕಕ್ಕುವುದಕ್ಕೆ ಮಲಯಾಳದಲ್ಲಿ 'ತಿಕಟ್ಟಲ್' ಎಂಬ ಮಾತೇ ಇದೆ.

ಅನ್ನನಾಳವು ಜಠರವನ್ನು ಸೇರುವಲ್ಲಿರುವ ಸ್ನಾಯುವಿನ ಬಿಗಿತ ಕೂಸಿಗೆ ಇನ್ನೂ ಬಲಿತಿರುವುದಿಲ್ಲ. ಆಹಾರವೋ ಬರೀ ಹಾಲು, ದಿನವೆಲ್ಲ ಮಲಗಿಯೇ ಇರುವುದು. ಆದ್ದರಿಂದ 4 ತಿಂಗಳ ಸುಮಾರಿಗೆ ಕಕ್ಕುವುದು ಹೆಚ್ಚು. ವರ್ಷ ತುಂಬಿ ಕೂಸು ಎದ್ದು ನಿಲ್ಲುವ ಹೊತ್ತಿಗೆ ಬಹುಪಾಲು ಮಕ್ಕಳಲ್ಲಿ ತಾನಾಗಿ ನಿಲ್ಲುತ್ತದೆ. ತೂಕ ಏರುತ್ತ, ನಗುತ್ತ ಆಡುವ ಕೂಸಿಗೆ ಔಷಧ ಬೇಡ.

ಆದರೆ ಹಾಲೂಡಿಸುವ ರೂಢಿಯಿಂದ ಇದು ಹೆಚ್ಚಾಗುವುದು ನಿಜ. ಬಾಟಲಿಯ ಹಾಲು ಮುಗಿಯಲೇಬೇಕೆಂಬ ಹಟ, ದೊಡ್ಡ ತೂತಿನ ನಿಪ್ಪಲ್, ಅಂಗಾತ ಮಲಗಿಸಿ ಒಳಲೆಯಲ್ಲಿ ಸುರಿಯುವುದು, ಕುಡಿದೊಡನೆ ತೊಟ್ಟಿಲಿಗೆ ಹಾಕಿ ತೂಗುವುದು. ಹಾಲು ಕೊಟ್ಟು ಆಮೇಲೆ ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಿ ಮೀಯಿಸುವ ಅಜ್ಜಿಯಂದಿರಿದ್ದಾರೆ. ಮೀಯಿಸಿದ ಮೇಲೆ ಹಾಲು ಕೊಡಲಿ, ಅಷ್ಟೆ. ಕುಡಿಸುವಾಗ ತಲೆ ಎತ್ತರವಿರಲಿ. ಆಮೇಲೆ ಹೆಗಲಿಗೊರಗಿಸಿ ತೇಗು ಬರಿಸಿ 20-30 ನಿಮಿಷ ನೆಟ್ಟಗೆ ಹಿಡಿದಿರಬೇಕು. ಕಕ್ಕುತ್ತದೆಂದು ಬೋರಲು ಮಲಗಿಸುವುದು ಅಪಾಯ. ನಿದ್ರೆ ಅಂಗಾತವಾಗಿಯೇ ಆಗಲಿ.

ಹಾಲು ತೆಳುವಾದ್ದರಿಂದ ನಿಲ್ಲುವುದಿಲ್ಲವೆಂದು ಮೂರು ತಿಂಗಳಿಗೇ ರಾಗಿಮಣ್ಣಿ ತಿನ್ನಿಸುವವರೂ ಉಂಟು. 6 ತಿಂಗಳು ತುಂಬುವ ತನಕ ಮೊಲೆಹಾಲೇ ಸಾಕು. ಕಕ್ಕಿತೆಂದು ಅದನ್ನು ಬಿಡಿಸಿ ಡಬ್ಬಿಹಾಲಿಗೆ ಹಾಕುವುದಂತೂ ಖಂಡಿತ ತಪ್ಪು.

ಕಕ್ಕಿದ್ದು ಹಸಿರಾಗಿದ್ದರೆ, ರಕ್ತ ಕಂಡರೆ, ಪ್ರತಿಸಲವೂ ದೂರಕ್ಕೆ ಚಿಮ್ಮಿದರೆ, ಕೂಸು ಹಾಲೊಲ್ಲದೆ ಮಂಕಾದರೆ, ಮೂತ್ರ ಕಡಿಮೆಯಾದರೆ, ತೂಕ ಏರದಿದ್ದರೆ ತಡಮಾಡಬಾರದು. ಹಾಲು ಕುಡಿದು ಎಷ್ಟು ಹೊತ್ತಿಗೆ ಬಂತು, ಯಾವ ಬಣ್ಣ, ಜಾರಿ ಬಂತೋ ಚಿಮ್ಮಿತೋ ಎಂಬುದನ್ನು ವೈದ್ಯರಿಗೆ ಹೇಳಬೇಕು. ಮಾತು ತಡವರಿಸಿದರೆ ಕಕ್ಕಿದ ಬಟ್ಟೆಯನ್ನೇ ಒಯ್ದು ತೋರಿಸಬಹುದು.