ದಲ್ಲಾಳಿ ಇಲ್ಲದೆ ಮನೆ ಮಾರುವುದು: ಗಡಿಯೂರಿನ ಲೆಕ್ಕ

ದಲ್ಲಾಳಿಯನ್ನು ಬಿಟ್ಟು ಮನೆ ಮಾರಬೇಕಾದರೆ ಅವನು ಮಾಡುತ್ತಿದ್ದ ಮೂರು ಕೆಲಸ ಮನೆಯವರ ಮೇಲೆ ಬೀಳುತ್ತವೆ: ಗಿರಾಕಿ ಹುಡುಕುವುದು, ದರ ಕುದುರಿಸುವುದು, ಕಾಗದಪತ್ರ ಸರಿಮಾಡಿಸಿ ನೋಂದಣಿ ಮುಗಿಸುವುದು. ಮೊದಲ ಎರಡರಲ್ಲಿ ದಲ್ಲಾಳಿಯ ಕೈ ಪಳಗಿರುತ್ತದೆ. ಮೂರನೆಯದನ್ನು ಅವನು ಸಾಮಾನ್ಯವಾಗಿ ಪತ್ರ ಬರೆಯುವವರ ಮೇಲೆ ಹಾಕಿ ತಾನು ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೂತಿರುತ್ತಾನೆ. ವ್ಯಾಪಾರ ಮುರಿದುಬೀಳುವುದು ಹೆಚ್ಚಾಗಿ ಈ ಮೂರನೆಯದರಲ್ಲೇ.

ಅನಂತಪುರ ಜಿಲ್ಲೆಯ ಕಲ್ಯಾಣದುರ್ಗ ಸೀಮೆಯ ಬ್ರಹ್ಮಸಮುದ್ರದಂಥ ಊರಿನಲ್ಲಿ ಈ ಮಾತು ಇನ್ನೂ ನಿಜ. ಮಳೆ ಕೈಕೊಟ್ಟ ವರ್ಷಗಳಲ್ಲಿ ಬೆಂಗಳೂರು ಸೇರಿದ ಕುಟುಂಬಗಳ ಮಾಳಿಗೆ ಮನೆಗಳು ಈ ಭಾಗದಲ್ಲಿ ಬೀಗ ಹಾಕಿಕೊಂಡು ನಿಂತಿವೆ. ಮನೆಯಲ್ಲಿ ಆಡುವ ಮಾತು ಕನ್ನಡ, ಕಚೇರಿಯ ಕಾಗದ ತೆಲುಗು, ಹೆಣ್ಣುಮಕ್ಕಳನ್ನು ಕೊಟ್ಟಿರುವುದು ಗಡಿಯಾಚೆಯ ಚಳ್ಳಕೆರೆ, ಪಾವಗಡದ ಕಡೆಗೆ. ಮನೆ ಒಂದು ರಾಜ್ಯದಲ್ಲಿ, ಅದರ ಹಕ್ಕುದಾರರು ಎರಡು ರಾಜ್ಯಗಳಲ್ಲಿ.

ಕಮಿಷನ್ ಉಳಿಯುತ್ತದೆ ಎನ್ನುವುದು ಮೊದಲ ಆಸೆ. ಅಮೆರಿಕದಲ್ಲಿ ಆ ಆಸೆಗೆ ಬಲವಾದ ಕಾರಣವಿದೆ. ಅಲ್ಲಿ ಎರಡೂ ಕಡೆಯ ಏಜೆಂಟರ ಪಾಲು ಸೇರಿ ಬೆಲೆಯ ನೂರಕ್ಕೆ ಐದಾರರಷ್ಟು ಹೋಗುವುದು ರೂಢಿಯಾಗಿತ್ತು. ಅದರ ಮೇಲೆ ಹೂಡಿದ ದಾವೆಗಳಿಂದಾಗಿ ಏಜೆಂಟರ ರಾಷ್ಟ್ರೀಯ ಸಂಘ 2024ರಲ್ಲಿ 41.8 ಕೋಟಿ ಡಾಲರಿಗೆ ರಾಜಿಯಾಗಬೇಕಾಯಿತು. ನಮ್ಮಲ್ಲಿ ಒಬ್ಬೊಬ್ಬರಿಂದ ನೂರಕ್ಕೆ ಒಂದೋ ಎರಡೋ ರೂಪಾಯಿ ವಾಡಿಕೆ. 12 ಲಕ್ಷದ ಮನೆಗೆ 12 ರಿಂದ 24 ಸಾವಿರ. ಸಣ್ಣ ಹಣವಲ್ಲ, ಆದರೆ ಒಂದು ಕಾಗದ ಕಡಿಮೆಯಿದ್ದ ಕಾರಣಕ್ಕೆ ಗಿರಾಕಿ ದರದಲ್ಲಿ ಮುರಿದುಕೊಳ್ಳುವ ಮೊತ್ತ ಇದಕ್ಕಿಂತ ದೊಡ್ಡದಾಗಿರುತ್ತದೆ. ಹಾಗಾಗಿ ಸ್ವಂತವಾಗಿ ಮಾರುವವರು ಗೋಡೆಗೆ ಸುಣ್ಣ ಹೊಡೆಸುವ ಮೊದಲು ಟ್ರಂಕು ತೆಗೆಯಬೇಕು.

ಟ್ರಂಕಿನಲ್ಲಿ ಮೊದಲು ನೋಡಬೇಕಾದದ್ದು ಮನೆ ಯಾರ ಹೆಸರಿನಲ್ಲಿದೆ, ಅವರಿಗೆ ಅದು ಹೇಗೆ ಬಂತು ಎಂಬುದು. ಕ್ರಯಪತ್ರ, ದಾನಪತ್ರ, ಉಯಿಲು, ಪಾಲುಪಟ್ಟಿ, ಯಾವುದಿದ್ದರೂ ಅದರ ಹಿಂದಿನ ಪತ್ರವೂ ಬೇಕು. ಆಂಧ್ರದ ಕಚೇರಿಗಳಲ್ಲಿ ಇವಕ್ಕೆ ಲಿಂಕ್ ಡಾಕ್ಯುಮೆಂಟ್ ಎನ್ನುತ್ತಾರೆ. ಕೊಳ್ಳುವವರು ಬ್ಯಾಂಕ್ ಸಾಲ ಎತ್ತುವುದಾದರೆ ಬ್ಯಾಂಕಿನ ವಕೀಲರು ಕೇಳುವುದೂ ಇವನ್ನೇ. ಅಣ್ಣತಮ್ಮಂದಿರು ಊರ ಹಿರಿಯರ ಮುಂದೆ ಕೂತು ಬರೆಸಿಕೊಂಡ ಪಾಲುಪಟ್ಟಿ ಈ ಸೀಮೆಯಲ್ಲಿ ಸಾಮಾನ್ಯ. ಹಿಂದೆಯೇ ಬಾಯಿಮಾತಿನಲ್ಲಿ ಆಗಿಹೋದ ಪಾಲನ್ನು ನೆನಪಿಗಾಗಿ ಬರೆದಿಟ್ಟ ಕಾಗದಕ್ಕೆ ನೋಂದಣಿ ಕಡ್ಡಾಯವಲ್ಲ, ಆದರೆ ಆ ಕಾಗದದಿಂದಲೇ ಪಾಲಾಗಿದ್ದರೆ ನೋಂದಣಿ ಬೇಕು. ಎರಡೂ ನೋಡಲು ಒಂದೇ ಥರ ಇರುವುದರಿಂದ ವಕೀಲರಿಗೆ ಒಮ್ಮೆ ತೋರಿಸುವುದಕ್ಕೆ ಕೊಡುವ ಫೀಸು ದಂಡವಲ್ಲ.

ಪಿತ್ರಾರ್ಜಿತ ಮನೆಯಾದರೆ ಹೆಣ್ಣುಮಕ್ಕಳ ಸಹಿಯ ಪ್ರಶ್ನೆ ಬರುತ್ತದೆ. ಮದುವೆ ಮಾಡಿಕೊಟ್ಟಾಗಿದೆ, ಇನ್ನು ಅವರಿಗೇನು ಪಾಲು ಎಂಬ ಮಾತು ಕಟ್ಟೆಯ ಮೇಲೆ ಈಗಲೂ ಕೇಳಿಬರುತ್ತದೆ. ಆಂಧ್ರಪ್ರದೇಶ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು 1985ರ ಸೆಪ್ಟೆಂಬರ್ 5ರಿಂದಲೇ ಮಗಳನ್ನು ಮಗನ ಸಮಕ್ಕೆ ಅವಿಭಕ್ತ ಕುಟುಂಬದ ಪಾಲುದಾರಳನ್ನಾಗಿ ಮಾಡಿತು. ಅಷ್ಟರೊಳಗೆ ಮದುವೆಯಾಗಿದ್ದವರಿಗೆ ಮಾತ್ರ ಆಗ ಅದು ದಕ್ಕಲಿಲ್ಲ. ಕರ್ನಾಟಕದಲ್ಲಿ ಅದೇ ಹಕ್ಕು ಬಂದದ್ದು 1994ರ ಜುಲೈ 30ರಿಂದ. ಅಂದರೆ ಸುಮಾರು ಒಂಬತ್ತು ವರ್ಷ ಗಡಿಯ ಈಚೆಯ ಮಗಳಿಗೆ ಇದ್ದ ಹಕ್ಕು ಆಚೆಯ ಮಗಳಿಗೆ ಇರಲಿಲ್ಲ. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಮದುವೆಯ ಷರತ್ತನ್ನೂ ತೆಗೆದುಹಾಕಿತು. ತಂದೆ ಆ ದಿನ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ, ಹಕ್ಕು ಹುಟ್ಟಿನಿಂದ ಬಂದದ್ದು ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾಗಿ ಮುಗಿದ ವಿಭಾಗಗಳನ್ನು ಇದು ಕದಲಿಸುವುದಿಲ್ಲ.

ಆದ್ದರಿಂದ ಪರಶುರಾಂಪುರದಲ್ಲಿರುವ ಅಕ್ಕನೂ ಪಾವಗಡದಲ್ಲಿರುವ ತಂಗಿಯೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸಿ ಕೊಡಬೇಕು. ಬರಲಾಗದವರು ಅಧಿಕಾರಪತ್ರ ಕೊಡಬಹುದು. ಅದು ಛಾಪಾ ಕಾಗದದ ಮೇಲೆ ನೋಟರಿ ಮೊಹರು ಒತ್ತಿಸಿದ್ದಾದರೆ ಸಾಲದು, ಅವರು ವಾಸವಿರುವ ಊರಿನ ಸಬ್ ರಿಜಿಸ್ಟ್ರಾರ್ ಎದುರಿಗೆ ಬರೆದುಕೊಟ್ಟು ದೃಢೀಕರಿಸಿಕೊಂಡದ್ದಾಗಿರಬೇಕು. ಹಾಸಿಗೆ ಹಿಡಿದ ಹಿರಿಯರಿದ್ದರೆ ಅಧಿಕಾರಿಯೇ ಮನೆಗೆ ಬಂದು ಹೇಳಿಕೆ ಪಡೆಯಲು 1908ರ ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ. ಯಜಮಾನ ತೀರಿಕೊಂಡಿದ್ದರೆ ತಹಶೀಲ್ದಾರರಿಂದ ಕುಟುಂಬ ಸದಸ್ಯರ ಪ್ರಮಾಣಪತ್ರ ತರಬೇಕು. ಅದರಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿದ್ದರೆ ಮುಂದೆ ಒಂದಲ್ಲ ಒಂದು ದಿನ ಅದು ಕೋರ್ಟಿನ ಮೆಟ್ಟಿಲು ಹತ್ತಿಸುತ್ತದೆ.

ಎರಡನೆಯ ತೊಡಕು ಜಾಗದ್ದು. ಊರೊಳಗಿನ ಹಳೆಯ ಮನೆಗಳು ನಿಂತಿರುವ ನೆಲವನ್ನು ಆಂಧ್ರದ ಕಂದಾಯ ಭಾಷೆಯಲ್ಲಿ ಗ್ರಾಮಕಂಠ ಎನ್ನುತ್ತಾರೆ, ಕರ್ನಾಟಕದ ಗ್ರಾಮಠಾಣದ ಹಾಗೆ. ಇಂಥ ಎಷ್ಟೋ ಮನೆಗಳಿಗೆ ಮೂರು ತಲೆಮಾರಿನ ವಾಸವೇ ಪತ್ರ. ಪಂಚಾಯ್ತಿಯ ಮನೆ ಕಂದಾಯದ ರಸೀದಿ, ವಿದ್ಯುತ್ ಬಿಲ್ಲು ಸ್ವಾಧೀನವನ್ನು ತೋರಿಸುತ್ತವೆ, ಮಾಲೀಕತ್ವವನ್ನಲ್ಲ. 2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ಆರಂಭಿಸಿದ ಸ್ವಾಮಿತ್ವ ಯೋಜನೆ ಇಂಥ ಜಾಗಗಳನ್ನು ಡ್ರೋನ್‌ನಿಂದ ಅಳೆದು ಆಸ್ತಿ ಕಾರ್ಡ್ ಕೊಡುವುದಕ್ಕೇ ಹುಟ್ಟಿದ್ದು. ಕಾರ್ಡ್ ಬಂದಿದ್ದರೆ ಅದರಲ್ಲಿನ ಅಳತೆಯೂ ಹಳೆಯ ಪತ್ರದ ಅಳತೆಯೂ ತಾಳೆಯಾಗುತ್ತವೆಯೇ ಎಂದು ನೋಡಿಕೊಳ್ಳಬೇಕು.

ಸರ್ಕಾರ ಬಡವರಿಗೆ ಕೊಟ್ಟ ನಿವೇಶನದ ಪಟ್ಟಾ ಆಗಿದ್ದರೆ ಲೆಕ್ಕ ಬೇರೆ. ಅಂಥ ಜಾಗದ ಪರಭಾರೆಯನ್ನು ಆಂಧ್ರದ 1977ರ ಕಾಯ್ದೆ ನಿರ್ಬಂಧಿಸುತ್ತದೆ. ಅದಕ್ಕೆ ಮೇಲಿಂದ ಮೇಲೆ ತಿದ್ದುಪಡಿ ಆಗಿರುವುದರಿಂದ ಈಗ ಏನಿದೆ ಎಂಬುದನ್ನು ತಹಶೀಲ್ದಾರ್ ಕಚೇರಿಯಲ್ಲೇ ಕೇಳಬೇಕು. ನೋಂದಣಿ ನಿಷೇಧವಿರುವ ಆಸ್ತಿಗಳ ಪಟ್ಟಿಯನ್ನು ಅಲ್ಲಿ ಎಲ್ಲರೂ 22ಎ ಪಟ್ಟಿ ಎಂದೇ ಕರೆಯುತ್ತಾರೆ. ಸರ್ವೆ ನಂಬರು ಅದರಲ್ಲಿ ಸಿಕ್ಕಿಕೊಂಡಿದ್ದರೆ ಅಡ್ವಾನ್ಸ್ ಮುಟ್ಟಬಾರದು. ಮೊದಲು ಅದನ್ನು ಬಿಡಿಸಿಕೊಳ್ಳಬೇಕು. ಇದರ ಜೊತೆಗೆ ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರ. ಹಿಂದೆ ತೀರಿಸಿದ ಸಾಲದ ಅಡಮಾನ ಅದರಲ್ಲಿ ಹಾಗೇ ಉಳಿದಿರುವುದುಂಟು. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮೂಲಪತ್ರ ಹಿಂತಿರುಗಿಸಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.

ಚಕ್ಕುಬಂದಿಯ ಕಡೆಗೂ ಕಣ್ಣು ಹಾಯಿಸಬೇಕು. ಹಳೆಯ ಪತ್ರದಲ್ಲಿ ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಚಿಕ್ಕಪ್ಪನ ಮಕ್ಕಳ ಮನೆ, ಉತ್ತರಕ್ಕೆ ದನದ ಕೊಟ್ಟಿಗೆ, ದಕ್ಷಿಣಕ್ಕೆ ಖಾಲಿ ಜಾಗ ಎಂದು ಬರೆದಿರುತ್ತದೆ. ನಲವತ್ತು ವರ್ಷದಲ್ಲಿ ಕೊಟ್ಟಿಗೆ ಬಿದ್ದು ಅಲ್ಲಿ ಅಂಗಡಿ ಎದ್ದಿದೆ, ಖಾಲಿ ಜಾಗದಲ್ಲಿ ಯಾರದೋ ಆರ್‌ಸಿಸಿ ಮನೆ ಬಂದಿದೆ, ಅವರ ಮೆಟ್ಟಿಲು ಎರಡಡಿ ಈಚೆಗೆ ಇಳಿದಿದೆ. ಹೊಸ ಪತ್ರದಲ್ಲಿ ಇಂದಿನ ಚಕ್ಕುಬಂದಿ ಬರೆದು ಹಿಂದಿನದನ್ನೂ ಉಲ್ಲೇಖಿಸಿದರೆ ಮಾತ್ರ ಎರಡು ಪತ್ರಗಳೂ ಒಂದೇ ಮನೆಯ ಮಾತಾಡುತ್ತಿವೆ ಎಂದು ತಿಳಿಯುತ್ತದೆ. ಆ ಮೆಟ್ಟಿಲಿನ ವಿಷಯ ಗಿರಾಕಿ ಬರುವ ಮೊದಲೇ ನೆರೆಯವರ ಜೊತೆ ಕೂತು ಬಗೆಹರಿಸಿಕೊಂಡರೆ ಒಳ್ಳೆಯದು.

ಅಳತೆಯಲ್ಲೂ ಗಡಿ ಅಡ್ಡ ಬರುತ್ತದೆ. ಅನಂತಪುರದ ಕಡೆ ನಿವೇಶನ ಮಾರುವುದು ಸೆಂಟ್ ಲೆಕ್ಕದಲ್ಲಿ, ಪತ್ರದಲ್ಲಿ ಚದರ ಗಜ. ಚಳ್ಳಕೆರೆಯಿಂದ ಬಂದ ಗಿರಾಕಿಗೆ ಬರುವುದು ಗುಂಟೆ ಮತ್ತು ಮೂವತ್ತು ನಲವತ್ತರ ಸೈಟು. ಒಂದು ಸೆಂಟ್ ಎಂದರೆ 435.6 ಚದರ ಅಡಿ ಅಥವಾ 48.4 ಚದರ ಗಜ, ಒಂದು ಗುಂಟೆಗೆ ಎರಡೂವರೆ ಸೆಂಟ್. 30×40ರ ಸೈಟು ಎರಡೂಮುಕ್ಕಾಲು ಸೆಂಟಿಗೆ ಕೂದಲೆಳೆಯಷ್ಟು ಹೆಚ್ಚು.

ಕಾಗದ ಕೈಗೆ ಬಂದ ಮೇಲೆ ಗಿರಾಕಿ. 2014ರಲ್ಲಿ ಶುರುವಾದ ನೋಬ್ರೋಕರ್‌ನಂಥ ಆ್ಯಪುಗಳು ನಗರದ ಫ್ಲಾಟಿಗೆ ಒಗ್ಗುತ್ತವೆ. ಊರಮನೆಗೆ ಗೋಡೆಯ ಮೇಲೆ ಕನ್ನಡ ತೆಲುಗು ಎರಡರಲ್ಲೂ ಬರೆದ ‘ಮನೆ ಮಾರಾಟಕ್ಕಿದೆ’ ಮತ್ತು ಒಂದು ಫೋನ್ ನಂಬರು ಹೆಚ್ಚು ಕೆಲಸ ಮಾಡುತ್ತದೆ. ಕೊಳ್ಳುವವರು ಬಹುಮಟ್ಟಿಗೆ ಅದೇ ಓಣಿಯವರು, ಗೋಡೆಗೆ ಗೋಡೆ ಅಂಟಿಕೊಂಡವರು. ಜಾಗ ಕೂಡಿಸಿಕೊಳ್ಳುವ ಆಸೆ ಅವರಿಗೇ ಹೆಚ್ಚು, ಹಾಗೆಂದು ಅವರು ತೋರಿಸಿಕೊಳ್ಳುವುದಿಲ್ಲ. ದರ ಕೇಳಲು ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರುಕಟ್ಟೆ ಮೌಲ್ಯ ಒಂದು ಆಧಾರ, ಹತ್ತಿರದಲ್ಲಿ ಈಚೆಗೆ ಆದ ಒಂದೆರಡು ಕ್ರಯ ಇನ್ನೊಂದು. ಚೌಕಾಸಿಗೆ ಮಾತ್ರ ನಡುವೆ ಒಬ್ಬರು ಇದ್ದರೇ ಚೆಂದ. ಕೊಡುವವನೂ ಕೊಳ್ಳುವವನೂ ಮುಖಾಮುಖಿ ಕೂತರೆ ‘ಇಷ್ಟಕ್ಕೇ’ ಎಂಬ ಒಂದು ಮಾತಿಗೆ ಮನಸ್ಸು ಮುರಿಯುತ್ತದೆ. ಊರಿನಲ್ಲಿ ಈ ಕೆಲಸವನ್ನು ಹಿರಿಯರೊಬ್ಬರು ಎಲೆಅಡಿಕೆಗೆ ಮಾಡಿಕೊಡುತ್ತಾರೆ.

ದರ ಕುದುರಿದ ಮೇಲೆ ಕರಾರು. ಒಟ್ಟು ಬೆಲೆ, ಮುಂಗಡ, ಬಾಕಿ ಕೊಡುವ ಗಡುವು, ತಪ್ಪಿದರೆ ಏನು ಎಂಬುದು ಬರಹದಲ್ಲಿರಬೇಕು. ಬೀಗದ ಕೈ ಈಗಲೇ ಕೊಡಬಾರದು. ಕರಾರಿನ ಬಲದ ಮೇಲೆ ಮನೆಯೊಳಗೆ ಹೊಕ್ಕವರನ್ನು ಹೊರಗೆ ಕಳಿಸುವುದು ಕಷ್ಟ. ಜಿಪಿಎ, ಅಂದರೆ ಸಾಮಾನ್ಯ ಅಧಿಕಾರಪತ್ರ ಬರೆದುಕೊಟ್ಟು ಹಣ ಪಡೆಯುವ ಅಡ್ಡದಾರಿಯಿಂದ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮುಂಗಡವೂ ಸೇರಿ 20,000 ರೂಪಾಯಿ ಅಥವಾ ಮೇಲ್ಪಟ್ಟು ನಗದಾಗಿ ಪಡೆಯುವುದನ್ನು 2015ರ ಜೂನ್ 1ರಿಂದ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಪಡೆದಷ್ಟೇ ಮೊತ್ತದ ದಂಡ ಬೀಳುವುದು ಪಡೆದವರ ಮೇಲೆ, ಅಂದರೆ ಮಾರಿದವರ ಮೇಲೆ.

ಕ್ರಯಪತ್ರ ತೆಲುಗಿನಲ್ಲಿ ಬರೆಸುವುದು ವಾಡಿಕೆ. ಕನ್ನಡದಲ್ಲಿ ಬರೆದದ್ದನ್ನು ಅಧಿಕಾರಿಗೆ ಓದಲು ಬಾರದಿದ್ದರೆ ಜಿಲ್ಲೆಯ ಭಾಷೆಯ ಅನುವಾದವನ್ನೂ ಪ್ರತಿಯನ್ನೂ ಲಗತ್ತಿಸಬೇಕಾಗುತ್ತದೆ. ತೆಲುಗು ಬಾರದ ಅಕ್ಕತಂಗಿಯರಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿಸಿದ ಮೇಲೆ ಹೆಬ್ಬೆಟ್ಟು ಒತ್ತಿಸುವುದು ಮರ್ಯಾದೆ, ಮುಂದಿನ ದಾವೆಗೆ ತಡೆಯೂ ಹೌದು. ಆಂಧ್ರದಲ್ಲಿ ಕ್ರಯಕ್ಕೆ ಮುದ್ರಾಂಕ ಶುಲ್ಕ ನೂರಕ್ಕೆ 5, ವರ್ಗಾವಣೆ ಶುಲ್ಕ 1.5, ನೋಂದಣಿ ಶುಲ್ಕ 1, ಒಟ್ಟು 7.5. ಒಪ್ಪಿದ ಬೆಲೆ, ಸರ್ಕಾರಿ ಮೌಲ್ಯ ಎರಡರಲ್ಲಿ ಹೆಚ್ಚಿನದರ ಮೇಲೆ ಇದು ಬೀಳುತ್ತದೆ. 12 ಲಕ್ಷಕ್ಕೆ 90,000 ರೂಪಾಯಿ, ಕೊಡುವುದು ಕೊಳ್ಳುವವರು.

ಮಾರಿದವರ ಪಾಲಿಗೆ ಬರುವುದು ತೆರಿಗೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇದ್ದ ಮನೆಯ ಲಾಭಕ್ಕೆ ನೂರಕ್ಕೆ 12.5. 2024ರ ಜುಲೈ 23ಕ್ಕೆ ಮೊದಲು ಬಂದ ಮನೆಯಾದರೆ ಬೆಲೆಯೇರಿಕೆ ಕಳೆದು ನೂರಕ್ಕೆ 20ರ ಹಳೆಯ ಲೆಕ್ಕ ಹಾಕಿ, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಲಾಭವನ್ನು ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳಲು, ಇಲ್ಲವೇ ಮೂರು ವರ್ಷದೊಳಗೆ ಕಟ್ಟಲು ಹಾಕಿದರೆ ವಿನಾಯಿತಿ ಉಂಟು. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ನೂರಕ್ಕೆ 1ರಂತೆ ತೆರಿಗೆ ಹಿಡಿದು ಉಳಿದದ್ದನ್ನು ಕೊಡುತ್ತಾರೆ.

ನೋಂದಣಿಯ ದಿನ ಕಲ್ಯಾಣದುರ್ಗದ ಕಚೇರಿಗೆ ಎರಡೂ ಕಡೆಯವರು, ಇಬ್ಬರು ಸಾಕ್ಷಿಗಳು, ಆಧಾರ್, ಪಾನ್, ಮೂಲಪತ್ರ. ಫೋಟೊ ತೆಗೆದು ಬೆರಳಚ್ಚು ಪಡೆಯುತ್ತಾರೆ. ರಾಹುಕಾಲ ಕಳೆಯಲಿ ಎಂದು ಕಾಯುವವರಿಗೂ ಸರ್ವರ್ ಬರಲಿ ಎಂದು ಕಾಯುವವರಿಗೂ ಒಂದೇ ಬೆಂಚು. ಪೂರ್ತಿ ಹಣ ಡಿಡಿಯಾಗಿ ಕೈಗೆ ಬಂದ ಮೇಲೆ, ಅಥವಾ ಖಾತೆಗೆ ಜಮೆಯಾದ ಮೇಲೆ ಸಹಿ. ಮುಂದಿನ ತಾರೀಖಿನ ಚೆಕ್ಕನ್ನು ನಂಬಬಾರದು. ಬೆಲೆ ಪೂರ್ತಿ ಬರಲಿಲ್ಲ ಎಂಬ ಕಾರಣಕ್ಕೆ ನೋಂದಣಿಯಾದ ಕ್ರಯ ರದ್ದಾಗುವುದಿಲ್ಲ, ಬಾಕಿ ಹಣಕ್ಕೆ ದಾವೆ ಹೂಡಬಹುದಷ್ಟೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ದಹಿಬೆನ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಅಲ್ಲಿಂದ ಊರಿಗೆ ಬಂದು ಬೀಗದ ಕೈ ಕೊಟ್ಟ ಮೇಲೂ ಹೆಸರು ಬದಲಾವಣೆಯ ಎರಡು ಅರ್ಜಿ ಉಳಿದಿರುತ್ತವೆ, ಒಂದು ಪಂಚಾಯ್ತಿಯ ಮನೆ ಕಂದಾಯಕ್ಕೆ, ಇನ್ನೊಂದು ವಿದ್ಯುತ್ ಕಚೇರಿಗೆ. ಅವನ್ನು ಕೊಡದಿದ್ದರೆ ಮೀಟರಿನ ಬಿಲ್ಲು ತೀರಿಹೋದ ಅಜ್ಜನ ಹೆಸರಿಗೇ ಬರುತ್ತಿರುತ್ತದೆ.