ಕಿವಿಯ ಹೊರಗಣ ಕಿವಿ

ಅಕ್ಷರಕ್ಕೆ ಎರಡು ರೂಪಗಳುಂಟೆಂದು ನಮ್ಮ ವೈಯಾಕರಣ ಕೇಶಿರಾಜನು 13ನೆಯ ಶತಮಾನದಲ್ಲಿಯೇ ಹೇಳಿದ್ದಾನೆ. ಕಿವಿಗೆ ಕೇಳಿಸುವುದು ಶ್ರಾವಣ. ಕಣ್ಣಿಗೆ ಕಾಣಿಸುವುದು ಚಾಕ್ಷುಷ. ಮಗು ಸ್ಲೇಟು ಹಿಡಿದು ಚಾಕ್ಷುಷಾಕ್ಷರವನ್ನು ತಿದ್ದತೊಡಗುವುದು ಐದಾರು ವರ್ಷಕ್ಕೆ. ಶ್ರಾವಣಾಕ್ಷರದ ಪಾಠವಾದರೋ ತೊಟ್ಟಿಲಿನಲ್ಲಿಯೇ ಮೊದಲಾಗುತ್ತದೆ. ತಾಯಿಯ ಜೋಗುಳ, ಅಜ್ಜಿಯ ಗದರಿಕೆ, ಹಿತ್ತಿಲಿನ ಕಾಗೆಯ ಕೂಗು ಎಲ್ಲವೂ ಅದರ ಪಾಠಪುಸ್ತಕಗಳೇ. ಹುಟ್ಟಿನಿಂದಲೇ ಕಿವಿ ಕೇಳದ ಮಗುವಿಗೆ ಈ ಮೊದಲನೆಯ ಪಾಠವೇ ತಪ್ಪಿಹೋಗುತ್ತದೆ. ನಾಲಗೆ, ತುಟಿ, ಕಂಠಗಳಲ್ಲಿ ಯಾವ ದೋಷವಿಲ್ಲದಿದ್ದರೂ ಆ ಮಗುವಿಗೆ ಮಾತು ಬಾರದಿರುವುದು ಇದರಿಂದಲೇ.

ಸಂಜ್ಞಾಭಾಷೆಯೂ ಪೂರ್ಣವಾದ ಭಾಷೆಯೇ ಸರಿ. ಅದರಿಂದ ಬಾಳು ಕಟ್ಟಿಕೊಂಡವರು ಅನೇಕರಿದ್ದಾರೆ. ಆದರೆ ಮಗುವಿಗೆ ಆಡುಮಾತನ್ನು ಕೇಳಿಸಬೇಕೆಂದು ಬಯಸುವ ತಂದೆತಾಯಿಗಳಿಗೆ ಇಂದು ಒಂದು ದಾರಿಯುಂಟು. ಅದೇ ಕಾಕ್ಲಿಯರ್ ಇಂಪ್ಲಾಂಟ್. ಶಸ್ತ್ರಕ್ರಿಯೆಯ ವಿಷಯವನ್ನು ವೈದ್ಯರು ಹೇಳುತ್ತಾರೆ. ಶಸ್ತ್ರಕ್ರಿಯೆ ಮುಗಿದು ಮಗು ಮನೆಗೆ ಬಂದಮೇಲೆ, ಕಿವಿಯ ಹಿಂದೆ ತೊಡುವ ಆ ಚಿಕ್ಕ ಯಂತ್ರವನ್ನು ಜೋಪಾನ ಮಾಡುವುದು ಹೇಗೆಂಬುದೇ ಈ ಲೇಖನದ ವಿಷಯ.

ನಮ್ಮ ಒಳಗಿವಿಯಲ್ಲಿ ಶಂಖದಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡಿರುವ ಒಂದು ಅಂಗವಿದೆ. ಬಸವನಹುಳುವಿಗೆ ಗ್ರೀಕರು ಕೊಟ್ಟ ಹೆಸರಿನಿಂದಲೇ ಅದಕ್ಕೆ ಕಾಕ್ಲಿಯಾ ಎಂದು ಹೆಸರಾಯಿತು. ಅದರೊಳಗಿನ ಸೂಕ್ಷ್ಮವಾದ ರೋಮಕೋಶಗಳು ನಾದದ ಕಂಪನವನ್ನು ವಿದ್ಯುತ್ ಸಂಕೇತವನ್ನಾಗಿ ಮಾಡಿ ನರಕ್ಕೆ ದಾಟಿಸುತ್ತವೆ. ಈ ಕೋಶಗಳು ಕೆಟ್ಟುಹೋದರೆ ನಾದವೆಷ್ಟಿದ್ದರೂ ನರಕ್ಕೆ ಸುದ್ದಿ ತಲುಪುವುದಿಲ್ಲ. ಹಾಗಾದರೆ ನರಕ್ಕೆ ನೇರವಾಗಿ ವಿದ್ಯುತ್ತನ್ನೇ ಮುಟ್ಟಿಸಿದರಾಗದೆ? 1957ರಲ್ಲಿ ಪ್ಯಾರಿಸಿನಲ್ಲಿ ಜೂರ್ನೊ ಮತ್ತು ಐರಿಯೆಸ್ ಎಂಬಿಬ್ಬರು ಇದನ್ನು ಪರೀಕ್ಷಿಸಿದರು. 1961ರಲ್ಲಿ ಅಮೆರಿಕದ ವಿಲಿಯಂ ಹೌಸ್ ಈ ಕೆಲಸವನ್ನು ಮುಂದುವರಿಸಿದರು. ಆದರೆ ಶಂಖದ ಸುರುಳಿಯೊಳಗೆ ತಂತಿಯನ್ನು ಆಳವಾಗಿ ತೂರಿಸುವುದು ಹೇಗೆಂಬ ತೊಡಕು ಉಳಿದಿತ್ತು. ಆಸ್ಟ್ರೇಲಿಯದ ಗ್ರೇಮ್ ಕ್ಲಾರ್ಕ್ ಎಂಬ ವೈದ್ಯರು 1977ರಲ್ಲಿ ಕಡಲತೀರದಲ್ಲಿ ಸಿಕ್ಕಿದ ಒಂದು ಶಂಖದೊಳಕ್ಕೆ ಹುಲ್ಲಿನ ಎಸಳನ್ನು ತೂರಿಸಿ ನೋಡಿದರಂತೆ. ತುದಿ ಮೆತ್ತಗೂ ಬುಡ ಬಿಗಿಯಾಗಿಯೂ ಇದ್ದ ಎಸಳು ಸುರುಳಿಯನ್ನನುಸರಿಸಿ ಒಳಕ್ಕೆ ಹೋಯಿತು. ಮರುವರ್ಷ, 1978ರ ಆಗಸ್ಟಿನಲ್ಲಿ, ಮೆಲ್ಬೋರ್ನಿನಲ್ಲಿ ಅನೇಕ ವಿದ್ಯುದಗ್ರಗಳುಳ್ಳ ತಂತಿಯನ್ನು ಅವರು ಒಬ್ಬ ರೋಗಿಗೆ ಅಳವಡಿಸಿದರು. ಕಡಲ ಕರೆಯಲ್ಲಿ ಶಂಖ ಆಯ್ದು ಆಡುವ ನಮ್ಮ ಮಕ್ಕಳಿಗೆ ಈ ಕತೆಯನ್ನು ಹೇಳಬಹುದು.

ಯಂತ್ರಕ್ಕೆ ಎರಡು ಭಾಗ. ಬಾನುಲಿ ಕೇಳುವವರಿಗೆ ಇದನ್ನು ತಿಳಿಸುವುದು ಸುಲಭ. ಕಿವಿಯ ಹಿಂದೆ ತೊಡುವ ಹೊರಭಾಗವು ಒಂದು ಪುಟ್ಟ ಪ್ರಸಾರ ಕೇಂದ್ರ. ತಲೆಯ ಚರ್ಮದ ಕೆಳಗೆ ಹುದುಗಿರುವುದು ಅದರ ಗ್ರಾಹಕ ಯಂತ್ರ. ಹೊರಗಿನ ಮೈಕು ಧ್ವನಿಯನ್ನು ಹಿಡಿಯುತ್ತದೆ. ಸಂಸ್ಕಾರಕವು, ಎಂದರೆ ಪ್ರೊಸೆಸರು, ಅದನ್ನು ಮಂದ್ರದಿಂದ ತಾರದವರೆಗೆ ಬೇರೆ ಬೇರೆ ಪಟ್ಟಿಗಳಾಗಿ ವಿಂಗಡಿಸುತ್ತದೆ. ಅಯಸ್ಕಾಂತದ ಬಲದಿಂದ ತಲೆಗೆ ಅಂಟಿಕೊಂಡಿರುವ ದುಂಡು ಬಿಲ್ಲೆಯು, ಎಂದರೆ ಕಾಯಿಲು, ಚರ್ಮದ ಮೂಲಕವೇ ರೇಡಿಯೋ ತರಂಗವನ್ನು ಒಳಗೆ ಕಳುಹಿಸುತ್ತದೆ. ಒಳಗಿನ ಗ್ರಾಹಕಕ್ಕೆ ತನ್ನದೆಂಬ ಬ್ಯಾಟರಿಯಿಲ್ಲ. ಅದರ ಶಕ್ತಿಯೂ ಹೊರಗಿನಿಂದಲೇ ಬರತಕ್ಕದ್ದು. ಆದುದರಿಂದ ಪ್ರಸಾರ ನಿಂತರೆ ಗ್ರಾಹಕ ಮೂಕ. ಹೊರಗಿನ ಯಂತ್ರ ಕಪಾಟಿನಲ್ಲಿದ್ದಷ್ಟು ಹೊತ್ತೂ ಮಗು ಕಿವುಡೇ. ಇದೊಂದು ಮಾತನ್ನು ಮನೆಮಂದಿಯೆಲ್ಲ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಎಲ್ಲ ಸಲಹೆಗಳೂ ತಾವಾಗಿಯೇ ಅರ್ಥವಾಗುತ್ತವೆ.

ಈ ಶಸ್ತ್ರಕ್ರಿಯೆಗೆ ಲಕ್ಷಗಟ್ಟಲೆ ಹಣ ಬೇಕು. ಭಾರತ ಸರ್ಕಾರದ ಅಡಿಪ್ ಯೋಜನೆಯಲ್ಲಿ 2014ರಲ್ಲಿ ವರ್ಷಕ್ಕೆ 500 ಮಕ್ಕಳಿಗೆ, ತಲಾ 6 ಲಕ್ಷ ರೂಪಾಯಿಗಳ ಮಿತಿಯೊಳಗೆ ನೆರವು ಗೊತ್ತಾಯಿತು. ಕರ್ನಾಟಕದ ಆರೋಗ್ಯ ಇಲಾಖೆಯೂ ಆರು ವರ್ಷದೊಳಗಿನ ಮಕ್ಕಳಿಗಾಗಿ ‘ಶ್ರವಣ ಸಂಜೀವಿನಿ’ ಎಂಬ ಯೋಜನೆಯನ್ನು ತಂದಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ಕೆಲಸ ಮಾಡುತ್ತಿದೆ. ಇಷ್ಟೆಲ್ಲ ಕೂಡಿಬಂದು ಮಗುವಿನ ಕಿವಿಗೆ ತಲುಪಿದ ಯಂತ್ರವು ಒಂದು ಮಳೆಗಾಲದಲ್ಲಿ ಕೆಟ್ಟು ಮೂಲೆಗೆ ಬಿದ್ದರೆ ನಷ್ಟ ಹಣದ್ದು ಮಾತ್ರವಲ್ಲ. ಮಗು ಮಾತು ಕಲಿಯುವ ವಯಸ್ಸು ಕಳೆದುಹೋಗುತ್ತದೆ. ಅದನ್ನು ಯಾವ ಯೋಜನೆಯೂ ಮರಳಿ ತಂದುಕೊಡಲಾರದು.

ಐದು ಹೊಳೆಗಳು ಕೂಡಿ ಕಡಲು ಸೇರುವ ಗಂಗೊಳ್ಳಿ ಅಳಿವೆಗೆ ನಮ್ಮ ತಲ್ಲೂರು ಹತ್ತಿರ. ಇಲ್ಲಿಯ ಗಾಳಿಯಲ್ಲಿ ಉಪ್ಪು, ಬೇಸಗೆಯಲ್ಲಿ ಬೆವರು, ಮಳೆಗಾಲದಲ್ಲಿ ಒಣಗಿದ ಬಟ್ಟೆಗೂ ಬೂಷ್ಟು. ಯಂತ್ರಕ್ಕೆ ಈ ತೇವವೇ ಮೊದಲನೆಯ ವೈರಿ. ಎರಡನೆಯ ವೈರಿ ನಾವು ಪ್ರೀತಿಯಿಂದ ಹಚ್ಚುವ ತೆಂಗಿನೆಣ್ಣೆ! ಎಣ್ಣೆ ಕೂದಲಿನಿಂದ ಜಾರಿ ಮೈಕಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಧೂಳು ಅದಕ್ಕೆ ಅಂಟಿಕೊಳ್ಳುತ್ತದೆ. ಎಣ್ಣೆ ಹಚ್ಚಲೇಬಾರದೆಂದು ನಾನು ಹೇಳುವುದಿಲ್ಲ. ಹೇಳಿದರೆ ಯಾವ ಅಜ್ಜಿಯೂ ಒಪ್ಪಲಾರಳು. ರಾತ್ರಿ ಯಂತ್ರ ತೆಗೆದಿಟ್ಟ ಮೇಲೆ ಎಣ್ಣೆ ಹಚ್ಚಿ, ಬೆಳಿಗ್ಗೆ ಸೀಗೆ ಹಾಕಿ ಮೀಯಿಸಿ, ಕೂದಲು ಪೂರ್ತಿ ಒಣಗಿದ ಬಳಿಕ ಯಂತ್ರ ತೊಡಿಸಿರಿ. ಪೌಡರು ಹಾಕುವುದು, ಸುಗಂಧ ಸಿಂಪಡಿಸುವುದು, ಸೊಳ್ಳೆಯ ಔಷಧಿ ಬಳಿಯುವುದು ಎಲ್ಲವೂ ಯಂತ್ರ ತೊಡಿಸುವುದಕ್ಕೆ ಮುಂಚೆಯೇ ಆಗತಕ್ಕದ್ದು.

ನಿತ್ಯದ ಕ್ರಮ ಹೀಗಿರಲಿ. ಮಲಗುವ ಮುಂಚೆ ಯಂತ್ರವನ್ನು ತೆಗೆದು ಬ್ಯಾಟರಿಯನ್ನು ಬೇರ್ಪಡಿಸಿರಿ. ಮೆತ್ತನೆಯ ಒಣಬಟ್ಟೆಯಿಂದ ಒರಸಿರಿ. ನೀರು, ಸಾಬೂನು, ಸ್ಪಿರಿಟ್ಟು ಕೂಡದು. ಬಳಿಕ ತೇವ ಹೀರುವ ಡಬ್ಬಿಯಲ್ಲಿಟ್ಟು ಬಿಗಿಯಾಗಿ ಮುಚ್ಚಿರಿ. ಆ ಡಬ್ಬಿಯೊಳಗಿನ ಸಿಲಿಕಾ ಹರಳಿಗೂ ಆಯುಸ್ಸು ಇದೆ. ಬಣ್ಣ ಬದಲಾಯಿತೆಂದರೆ ಅದರ ದಾಹ ತೀರಿತೆಂದು ತಿಳಿದು ಬೇರೆಯದನ್ನು ಹಾಕತಕ್ಕದ್ದು. ನಮ್ಮ ಮಳೆಗಾಲದಲ್ಲಿ ಇದನ್ನು ಬೇಗ ಬೇಗ ನೋಡುತ್ತಿರಬೇಕು. ಮೈಕಿನ ಮುಚ್ಚಳವನ್ನು ಕೈಪಿಡಿಯಲ್ಲಿ ಹೇಳಿದ ಅವಧಿಗೆ ಬದಲಾಯಿಸಿರಿ.

ಆಕಸ್ಮಾತ್ತಾಗಿ ಯಂತ್ರ ಒದ್ದೆಯಾದರೆ ಗಾಬರಿ ಬೇಡ. ಕೂಡಲೇ ತಲೆಯಿಂದ ತೆಗೆದು, ಬ್ಯಾಟರಿ ಬಿಡಿಸಿ, ನೀರು ಒರಸಿ, ಒಣಡಬ್ಬಿಯಲ್ಲಿ ರಾತ್ರಿಯಿಡೀ ಇಡಿರಿ. ಒಲೆಯ ಮೇಲಿನ ಅಟ್ಟದಲ್ಲಾಗಲಿ, ಸುಡುಬಿಸಿಲಿನಲ್ಲಾಗಲಿ, ಕೂದಲೊಣಗಿಸುವ ಯಂತ್ರದಿಂದಾಗಲಿ ಒಣಗಿಸಕೂಡದು. ಅಕ್ಕಿಯ ಡಬ್ಬದಲ್ಲಿ ಹೂತಿಡುವ ಉಪಾಯವೂ ಬೇಡ. ತೌಡಿನ ಧೂಳು ಒಳಗೆ ಸೇರುತ್ತದೆ. ಮರವಂತೆಯ ಕಡಲತೀರಕ್ಕೆ ಹೋಗುವಾಗ, ಕೆರೆಯಲ್ಲಿ ಮೀಯುವಾಗ, ತಯಾರಕರು ಕೊಟ್ಟ ನೀರುಗಾಪು ಇಲ್ಲದಿದ್ದರೆ ಯಂತ್ರವನ್ನು ತೆಗೆದಿಡುವುದೇ ಲೇಸು. ಒಳಗಿನ ಭಾಗಕ್ಕೆ ನೀರಿನ ಭಯವಿಲ್ಲ. ಗಾಯ ಮಾಗಿದ ಮೇಲೆ, ವೈದ್ಯರ ಒಪ್ಪಿಗೆ ಪಡೆದು, ಮಗು ಈಜಬಹುದು.

ಬ್ಯಾಟರಿಯ ಬಗ್ಗೆ ಎರಡು ಮಾತು. ಒಮ್ಮೆ ಬಳಸಿ ಎಸೆಯುವ ಬಿಲ್ಲೆ ಬ್ಯಾಟರಿಗಳು ಗಾಳಿಯನ್ನು ಉಸಿರಾಡಿ ಕೆಲಸ ಮಾಡುವಂಥವು. ಮೇಲಿನ ಅಂಟುಕಾಗದವನ್ನು ಕಿತ್ತು ಒಂದೆರಡು ನಿಮಿಷ ಬಿಟ್ಟು ಹಾಕಬೇಕು, ಎಣ್ಣೆಗೈಯಿಂದ ಮುಟ್ಟಕೂಡದು. ಸಿಡಿಲುಮಳೆಗೆ ಕರೆಂಟು ಹೋಗುವುದು ನಮಗೆ ಹೊಸತಲ್ಲವಾದ್ದರಿಂದ, ಚಾರ್ಜು ಮಾಡುವ ಬ್ಯಾಟರಿಯುಳ್ಳವರು ಒಂದನ್ನು ಸದಾ ತುಂಬಿಸಿಟ್ಟಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬಿಲ್ಲೆ ಬ್ಯಾಟರಿ, ಅಯಸ್ಕಾಂತ, ಸಿಲಿಕಾ ಹರಳು ಇವು ಚಿಕ್ಕ ಮಕ್ಕಳ ಕೈಗೆ ಸಿಗಕೂಡದು. ಬ್ಯಾಟರಿ ನುಂಗಿದರೆ ಅನ್ನನಾಳ ಕೆಲವೇ ಗಂಟೆಗಳಲ್ಲಿ ಸುಟ್ಟುಹೋಗಬಹುದು. ವಾಂತಿ ಮಾಡಿಸಲು ಹೋಗದೆ, ಒಂದು ನಿಮಿಷವೂ ತಡಮಾಡದೆ, ಆಸ್ಪತ್ರೆಗೆ ಒಯ್ಯಿರಿ.

ಬಿಲ್ಲೆಯ ಅಯಸ್ಕಾಂತದಿಂದಲೂ ಕೆಲವು ಪೇಚುಗಳುಂಟು. ಬಸ್ಸಿನ ಕಂಬಿಗೆ ತಲೆ ತಾಗಿದರೆ ಬಿಲ್ಲೆ ಕಂಬಿಗೇ ಹತ್ತಿಕೊಂಡು ಉಳಿಯಬಹುದು. ಮಗು ಇಳಿದಿರುತ್ತದೆ, ಕಿವಿ ಮುಂದಿನ ಊರಿಗೆ ಹೋಗಿರುತ್ತದೆ! ಯಂತ್ರವನ್ನು ಅಂಗಿಯ ಕಾಲರಿಗೆ ದಾರದ ಕ್ಲಿಪ್ಪಿನಿಂದ ಸಿಕ್ಕಿಸಿದ್ದರೆ ಈ ಪೇಚಿಲ್ಲ. ಬಿಲ್ಲೆಯ ಕೆಳಗೆ ಚರ್ಮ ಕೆಂಪಾದರೆ ಅಥವಾ ನೋವಾದರೆ ಅಯಸ್ಕಾಂತ ಹೆಚ್ಚು ಬಿಗಿಯಾಯಿತೆಂದು ಅರ್ಥ, ಶ್ರವಣತಜ್ಞರಿಗೆ ತೋರಿಸಿರಿ. ಪ್ಲಾಸ್ಟಿಕ್ಕಿನ ಜಾರುಬಂಡಿಯಲ್ಲಿ ಆಡುವ ಮುಂಚೆ ಯಂತ್ರವನ್ನು ತೆಗೆಯಿರಿ. ಉಜ್ಜುವಿಕೆಯಿಂದ ಹುಟ್ಟುವ ವಿದ್ಯುತ್ತು ಅದರ ನೆನಪನ್ನು ಕೆಡಿಸಬಲ್ಲದು. ಒಂದು ಮಗುವಿನ ಯಂತ್ರವನ್ನು ಇನ್ನೊಂದು ಮಗುವಿಗೆ ಎಂದೂ ತೊಡಿಸಕೂಡದು. ಆಯಾ ಮಗುವಿನ ನರಕ್ಕೆ ಹೊಂದುವಂತೆ ಶ್ರುತಿಗೂಡಿಸಿದ್ದು ಅದು. ಬೇರೆಯವರಿಗೆ ಸಹಿಸಲಾಗದಷ್ಟು ಗಟ್ಟಿಯಾಗಿ ಕೇಳಿಸಬಹುದು.

ಆಸ್ಪತ್ರೆಗೆ ಬೇರಾವ ಕಾರಣಕ್ಕೆ ಹೋದರೂ ತಲೆಯೊಳಗೆ ಇಂಪ್ಲಾಂಟ್ ಇದೆಯೆಂದು ಮೊದಲೇ ಹೇಳಿ, ಅದರ ಗುರುತಿನ ಚೀಟಿ ತೋರಿಸಿರಿ. ಎಂ.ಆರ್.ಐ. ಯಂತ್ರದ ಅಯಸ್ಕಾಂತ ಬಹಳ ಪ್ರಬಲವಾದುದು. ಹೊರಗಿನ ಯಂತ್ರವನ್ನು ಆ ಕೋಣೆಯೊಳಕ್ಕೆ ಒಯ್ಯಲೇಬಾರದು. ಒಳಗಿನದಕ್ಕೆ ಏನು ಎಚ್ಚರಿಕೆ ಬೇಕೆಂಬುದು ಮಾದರಿಯಿಂದ ಮಾದರಿಗೆ ಬೇರೆ. ಶಸ್ತ್ರಕ್ರಿಯೆಯಲ್ಲಿ ರಕ್ತ ನಿಲ್ಲಿಸಲು ಬಳಸುವ ಕೆಲವು ವಿದ್ಯುತ್ ಉಪಕರಣಗಳೂ ತಲೆ ಕುತ್ತಿಗೆಗಳ ಬಳಿ ಅಪಾಯಕರ. ಇಂಪ್ಲಾಂಟ್ ಉಳ್ಳವರಿಗೆ ಮೆದುಳುಪೊರೆಯ ಉರಿಯೂತದ ಭಯ ಉಳಿದವರಿಗಿಂತ ಹೆಚ್ಚಾದುದರಿಂದ, ವೈದ್ಯರು ಹೇಳಿದ ಲಸಿಕೆಗಳನ್ನು ತಪ್ಪಿಸಬೇಡಿರಿ. ಜ್ವರದೊಡನೆ ಕುತ್ತಿಗೆ ಬಿಗಿದರೆ ಕಾಯುತ್ತ ಕೂರಬೇಡಿರಿ.

ಈಗ ನನ್ನ ಕಸುಬಿಗೆ ಹತ್ತಿರವಾದ ಮಾತು. ಯಂತ್ರದ ದೀಪ ಉರಿಯುತ್ತಿದ್ದ ಮಾತ್ರಕ್ಕೆ ಮಗುವಿಗೆ ಸರಿಯಾಗಿ ಕೇಳಿಸುತ್ತಿದೆ ಎಂದಲ್ಲ. ಡೇನಿಯಲ್ ಲಿಂಗ್ ಎಂಬ ವಿದ್ವಾಂಸರು ಇದನ್ನು ಪರೀಕ್ಷಿಸಲು ಆರು ಧ್ವನಿಗಳನ್ನು ಆರಿಸಿದರು. ನಮ್ಮ ವರ್ಣಮಾಲೆಯಲ್ಲಿ ಅವು ಮ್, ಊ, ಆ, ಈ, ಶ್, ಸ್. ಮಕಾರದಿಂದ ಸಕಾರದವರೆಗೆ ಮಂದ್ರದಿಂದ ತಾರಕ್ಕೆ ಏರುವ ಮೆಟ್ಟಿಲುಗಳೆನ್ನಬಹುದು. ದಿನವೂ ಬೆಳಿಗ್ಗೆ ಮಗುವಿನ ಹಿಂದೆ ನಿಂತು, ತುಟಿ ಕಾಣಿಸದಂತೆ, ಒಂದೊಂದನ್ನಾಗಿ ಕ್ರಮ ತಪ್ಪಿಸಿ ಹೇಳಿರಿ. ದೊಡ್ಡ ಮಗುವಾದರೆ ಹೇಳಿದಂತೆ ಹೇಳಲಿ. ಚಿಕ್ಕದಾದರೆ ಕೇಳಿಸಿದಾಗಲೆಲ್ಲ ಚೆನ್ನೆಮಣೆಯ ಗುಳಿಗೆ ಒಂದು ಕಾಯಿ ಹಾಕಲಿ. ನಿನ್ನೆ ಕೇಳಿಸಿದ ಸಕಾರ ಇಂದು ಕೇಳಿಸದಿದ್ದರೆ ಮೈಕಿನ ಮುಚ್ಚಳ ಕಟ್ಟಿರಬಹುದು. ಯಾವುದೂ ಕೇಳಿಸದಿದ್ದರೆ ಬ್ಯಾಟರಿಯನ್ನೂ ಬಿಲ್ಲೆಯ ತಂತಿಯನ್ನೂ ನೋಡಿರಿ. ಇಷ್ಟರಿಂದ ಸರಿಹೋಗದಿದ್ದರೆ ಯಂತ್ರವನ್ನು ಬಿಚ್ಚದೆ ತಜ್ಞರ ಬಳಿಗೆ ಒಯ್ಯಿರಿ.

ಒಂದೆರಡು ಧ್ವನಿ ತಪ್ಪಿದರೇನು ಎನ್ನಬಾರದು. ಕನ್ನಡದ ಜೀವ ಸಣ್ಣ ಸಣ್ಣ ಧ್ವನಿಗಳಲ್ಲಿದೆ. ಕೊಡು, ಕೋಡು, ಬಳಿ, ಬಳ್ಳಿ, ಇವುಗಳ ಅಂತರ ಕ್ಷಣಾರ್ಧದ್ದು. ಮನೆಗೆ, ಮನೆಯಿಂದ, ಮನೆಯಲ್ಲಿ ಎಂಬಲ್ಲಿ ಅರ್ಥವನ್ನು ಹೊತ್ತ ವಿಭಕ್ತಿ ಪ್ರತ್ಯಯಗಳು ಪದದ ಕೊನೆಯಲ್ಲಿ ಮೆಲ್ಲನೆ ಬರುತ್ತವೆ. ನಮ್ಮ ಕುಂದಾಪುರದ ಮಾತಿನಲ್ಲಂತೂ ‘ಮನೆಗೆ’ ಎಂಬುದು ‘ಮನಿಗ್’ ಆಗಿ ಕೊನೆಯ ಸ್ವರವೇ ಮಾಯವಾಗುತ್ತದೆ. ಮೈಕು ಮಂಕಾದ ಯಂತ್ರದಲ್ಲಿ ಮೊದಲು ಕಳೆದುಹೋಗುವುದು ಇಂಥವೇ. ಹಾಗೆಂದು ಮನೆಯ ಮಾತನ್ನು ಬಿಟ್ಟು ಪುಸ್ತಕದ ಭಾಷೆ ಆಡಬೇಕಾಗಿಲ್ಲ. ನಿಮಗೆ ಸಹಜವಾದ ಮಾತನ್ನೇ ಹತ್ತಿರದಿಂದ, ನಿಧಾನವಾಗಿ, ಬಹಳ ಹೊತ್ತು ಆಡಿರಿ.

ಇಂಥ ಮಕ್ಕಳು ಕಲಿಯುವ ಶಾಲೆಗಳ ಉಪಾಧ್ಯಾಯರಿಗೂ ಒಂದು ವಿಜ್ಞಾಪನೆ. ಮಗುವನ್ನು ಮುಂದಿನ ಸಾಲಿನಲ್ಲಿ, ಫ್ಯಾನಿನಿಂದಲೂ ಬೀದಿಯ ಕಿಟಕಿಯಿಂದಲೂ ದೂರ ಕೂರಿಸಿರಿ. ಕಪ್ಪುಹಲಗೆಗೆ ಮುಖ ಮಾಡಿಕೊಂಡು ಪಾಠ ಹೇಳಬೇಡಿರಿ. ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಸುರಿಯುವಾಗ ಚೆನ್ನಾಗಿ ಕಿವಿಯಿದ್ದವರಿಗೇ ಪಾಠ ಕೇಳಿಸದು. ಆ ಹೊತ್ತಿನಲ್ಲಿ ಹಲಗೆಯ ಮೇಲೆ ಬರೆದು ತೋರಿಸಿರಿ. ಸಹಪಾಠಿಗಳು ಕುತೂಹಲದಿಂದ ಯಂತ್ರವನ್ನು ಎಳೆಯದಂತೆ ಮೊದಲ ದಿನವೇ ಅದರ ಕತೆಯನ್ನು ಎಲ್ಲರಿಗೂ ಹೇಳಿಬಿಡಿರಿ. ತಿಳಿದ ಮಕ್ಕಳು ತಾವೇ ಕಾವಲುಗಾರರಾಗುತ್ತಾರೆ.

ಬಿಡಿಭಾಗ, ದುರಸ್ತಿಗಳ ಖರ್ಚು ವರ್ಷವರ್ಷವೂ ಬರುವಂಥದು. ವಾರಂಟಿಯ ಕಾಗದಗಳನ್ನು ಜೋಪಾನವಾಗಿಡಿರಿ. ಅಂಗವಿಕಲರಿಗೆ ಮೀಸಲಾದ ನಿಧಿಯಿಂದ ನೆರವುಂಟೇ ಎಂದು ಗ್ರಾಮ ಪಂಚಾಯತಿಯಲ್ಲಿ ಸಂಕೋಚವಿಲ್ಲದೆ ವಿಚಾರಿಸಿರಿ. ಗೊತ್ತುಪಡಿಸಿದ ದಿನ ಶ್ರುತಿಗೂಡಿಸಲು ಹೋಗುವುದನ್ನು ಕೊಯ್ಲು, ಮದುವೆಗಳ ನೆವದಿಂದ ಮುಂದೂಡಬೇಡಿರಿ.

ಮಗು ಎಚ್ಚರವಾಗಿರುವಷ್ಟು ಹೊತ್ತೂ ಯಂತ್ರ ಕಿವಿಯ ಮೇಲಿರಬೇಕು. ಮಲಗಿರುವಷ್ಟು ಹೊತ್ತೂ ಒಣಡಬ್ಬಿಯಲ್ಲಿರಬೇಕು. ಮೂರನೆಯ ಸ್ಥಳವೊಂದು ಅದಕ್ಕೆ ಇರಕೂಡದು.